ಉಪ್ಪಿಲ್ಲದ ಕೂಗು

ಮಾನ್ವಿ

ಹೊರಡುವ ದಿನ ಮಾಡಿದ ಕೆಲಸಗಳು: ನಸುಕಿನಲ್ಲಿ ನಲ್ಲಿ ಬಂತು, ಡ್ರಮ್ಮು ತುಂಬಿಸಿದೆ. ಎದುರುಮನೆಯ ಹುಡುಗಿಯ ಕುಪ್ಪಸಕ್ಕೆ ಹುಕ್ಕು ಹಚ್ಚಿ ಕೊಟ್ಟೆ. ಹೊಲಿಗೆ ಮಷೀನಿಗೆ ಹಳೆಯ ಸೀರೆ ಹೊದಿಸಿದೆ. ಕಟಿರೊಟ್ಟಿಗಳನ್ನು ಪಂಚೆಯಲ್ಲಿ ಸುತ್ತಿ, ಶೇಂಗಾ ಪುಡಿ, ಗುರೆಳ್ಳು ಪುಡಿ ಬೇರೆ ಬೇರೆ ಡಬ್ಬಿಗೆ ಹಾಕಿದೆ. ಹಾಲಿನವನಿಗೆ ಅರ್ಧ ಲೀಟರು ಸಾಕೆಂದೆ. ನಮ್ಮ ಯಜಮಾನರಿಗೆ ಸಿಲಿಂಡರ್ ಬಂದ್ ಮಾಡುವುದನ್ನು ಮತ್ತೊಮ್ಮೆ ತೋರಿಸಿದೆ. ಅವರು ಮತ್ತೊಮ್ಮೆ "ಗೊತ್ತದ" ಎಂದರು. ಆಮೇಲೆ ನಾರ್ವೆ ದೇಶಕ್ಕೆ ಹೊರಟೆ.

ನಾನು ಹೋದದ್ದು ತಮ್ಮನ ಬೆನ್ನಿಗೆ. ತಮ್ಮ ಮಾಳಪ್ಪ ದೇವದುರ್ಗದ ಹತ್ತಿರ ಕುರಿ ಸಾಕಿಕೊಂಡಿದ್ದಾನೆ. ಕಾಲುವೆ ನೀರು ಬಂದ ಮೇಲೆ ಆ ಕಡೆ ಎಲ್ಲಿ ನೋಡಿದರೂ ಭತ್ತ, ಹತ್ತಿ. ಕುರಿಗೆ ಅದು ಯಾರ ಹೊಲವೋ ಏನು ಗೊತ್ತು? ಹುಳ ಸಾಯಿಸುವ ಎಣ್ಣೆ ಹೊಡೆದ ಹತ್ತಿಗೆ ಬಾಯಿ ಹಾಕಿ ಸತ್ತದ್ದುಂಟು, ಅದಕ್ಕೂ ಮೊದಲು ಹೊಲದವರ ಬಡಿಗೆಗೆ ಕಾಲು ಮುರಿಸಿಕೊಂಡದ್ದುಂಟು. ಹೀಗಿರುವಾಗ ಒಂದು ಕಂಪನಿಯವರು ಕುರಿಯ ಕೊರಳಿಗೆ ಕಟ್ಟುವ ಪಟ್ಟಿ ತಂದರು. ಬೇಲಿಯೇ ಬೇಡ. ಮೊಬೈಲಿನಲ್ಲಿ ಬೆರಳಿನಿಂದ ಗೆರೆ ಎಳೆದರಾಯಿತು. ಕುರಿ ಗೆರೆಯ ಹತ್ತಿರ ಹೋದರೆ ಪಟ್ಟಿಯೊಳಗಿಂದ ಸದ್ದು ಬರುತ್ತದೆ. ತಿರುಗಿದರೆ ಸರಿ, ತಿರುಗದಿದ್ದರೆ ಕರೆಂಟು ಚುರಕ್ಕೆನ್ನುತ್ತದೆ. "ಭಾಳ ಸಣ್ಣ ಕರೆಂಟು ಯಕ್ಕಾ, ನಾನ ಕೈಮ್ಯಾಲ ಹಿಡಿಸಿಕೊಂಡು ನೋಡೀನಿ, ಇರುವಿ ಕಡದಂಗ," ಎಂದಿದ್ದ ಮಾಳಪ್ಪ.

ಆ ಸದ್ದು ಯಂತ್ರದ ಸದ್ದಾಗುವ ಬದಲು ಕುರುಬನ ದನಿಯೇ ಆದರೆ ಕುರಿ ಬೇಗ ಕಲಿಯುತ್ತದಂತೆ. ಅದಕ್ಕಾಗಿ ಇಬ್ಬರು ಹುಡುಗರು ಹಟ್ಟಿಗೆ ಬಂದು ಅವನ ಕೂಗನ್ನು ರೆಕಾರ್ಡ್ ಮಾಡಿಕೊಂಡರು. ಆವತ್ತು ನಾನೂ ಅಲ್ಲಿದ್ದೆ.

"ಸುಮ್ನ ಒಂದ್ಸಲ ಕೂಗ್ರಿ, ಮಾಳಪ್ಪಣ್ಣ."

"ಸುಮ್ನ ಹೆಂಗ ಕೂಗಲಿ? ಬಂದು ಏನ್ ತಿಂತಾವ, ನಿನ್ನ ಮೈಕಾ?"

ನಮ್ಮ ಅಪ್ಪನ ಕಾಲದಿಂದ ಇದೊಂದು ಕಟ್ಟಳೆ. ಕುರಿಯನ್ನು ಬರಿಗೈಯಲ್ಲಿ ಕೂಗಬಾರದು. ಕೂಗಿದರೆ ಕೊಡಬೇಕು: ನೀರು, ಮೇವು, ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಉಪ್ಪು. ಉಪ್ಪಿಲ್ಲದೆ ಕೂಗುವವನ ಹಿಂದೆ ಕುರಿ ಬಹಳ ದಿನ ಬರುವುದಿಲ್ಲ ಎನ್ನುತ್ತಿದ್ದ ಅಪ್ಪ. ಹಾಗಾಗಿ ಮಾಳಪ್ಪ ಕುರಿ ಮೇಯ್ದು ಬರುವವರೆಗೆ ಆ ಹುಡುಗರನ್ನು ಬಿಸಿಲಲ್ಲಿ ಕೂರಿಸಿದ. ಬಂದ ಮೇಲೆ ಸೊಂಟದ ಗಂಟಿನಿಂದ ಹರಳುಪ್ಪು ತೆಗೆದು ಅಂಗೈಯಲ್ಲಿ ಹಿಡಿದು ಕೂಗಿದ. "ಉರ್ರೋ… ಬಾ ಬಾ ಬಾ. ಹಾ, ತಿನ್ರಿ." ಕೊನೆಯದು ಉಪ್ಪು ಕೊಡುವಾಗ ಅವನ ಬಾಯಿಂದ ತಾನಾಗಿ ಬರುವ ಮಾತು. ಅದೂ ರೆಕಾರ್ಡಿನಲ್ಲಿ ಬಂತು.

ನಾರ್ವೆಯಲ್ಲಿ ಇಂಥ ದನಿಯ ಪಟ್ಟಿ ಆಗಲೇ ನಡೆದಿದೆ, ಬಂದು ನೋಡಿ, ನೋಡಿದ ಮೇಲೆ ಒಪ್ಪಿಕೊಳ್ಳಿ ಎಂದು ಕಂಪನಿಯವರೇ ಕರೆದರು. ಹೆಂಡತಿ ಈರಮ್ಮ ಕುರಿ ಬಿಟ್ಟು ಬರುವ ಹಾಗಿಲ್ಲ. "ಯಕ್ಕ ಬಂದ್ರ ಹೋಗ್ತೀನಿ, ಇಲ್ಲಂದ್ರ ಆ ಊರಿನ ಕುರಿನ ಇಲ್ಲಿಗೆ ಬರಲಿ," ಎಂದ ಇವನು.

ರಾಯಚೂರು

ಮೇ ತಿಂಗಳ ರಾಯಚೂರು ಸ್ಟೇಷನ್ನು. ಪ್ಲಾಟ್‌ಫಾರ್ಮಿನ ಕಲ್ಲುಬೆಂಚು ಬೆಂಕಿಯ ಹಂಚು. ಅಂಥದರಲ್ಲಿ ಹೆಗಲ ಮೇಲೆ ಕರಿ ಕಂಬಳಿ ಹೊದ್ದು ನಿಂತ ಮಾಳಪ್ಪನನ್ನು ಎಲ್ಲರೂ ತಿರುಗಿ ನೋಡುತ್ತಿದ್ದರು. ಚಹಾ ಮಾರುವವನು ಕೇಳಿಯೇಬಿಟ್ಟ: "ಕಾಕಾ, ಚಳಿ ಹತ್ತ್ಯಾದೇನು?"

"ನಾಡದು ಹತ್ತತದ. ಇವತ್ತೇ ರೂಢಿ ಮಾಡಾಕತ್ತೀನಿ."

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಕಂಬಳಿ ಯಾರಿಗೂ ತೊಂದರೆಯಾಗಲಿಲ್ಲ, ಉಪ್ಪು ಆಯಿತು. ತಪಾಸಣೆಯವನು ಸೊಂಟದ ಗಂಟು ಬಿಚ್ಚಿಸಿ, ಬಿಳಿ ಹರಳು ನೋಡಿ, ಇನ್ನೊಬ್ಬನನ್ನು ಕರೆದ. ಅವನು ಮೂಸಿದ. ಮೂರನೆಯವನು ತೆಲುಗಿನಲ್ಲಿ ಇದೇನೆಂದು ಕೇಳಿದ. ಮಾಳಪ್ಪ ತೆಲುಗಿನಲ್ಲೇ ಹೇಳಿದ, ಉಪ್ಪು. ಯಾಕೆಂದು ಕೇಳಿದರು. "ದಾರ್ಯಾಗ ಕೂಗೋ ಪ್ರಸಂಗ ಬಂದ್ರ ಬೇಕಲ್ಲ," ಎಂದು ಇವನು ಕನ್ನಡಕ್ಕೆ ತಿರುಗಿದ. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಕಡೆಗೆ ಒಬ್ಬ ದೊಡ್ಡ ಸಾಹೇಬ ಬಂದು ಒಂದು ಹರಳು ನಾಲಿಗೆಗೆ ಇಟ್ಟು ನೋಡಿ ಬಿಟ್ಟುಕೊಟ್ಟ. ಆ ಗಂಟು ನಮ್ಮ ಜೊತೆ ಸಮುದ್ರ ದಾಟಿತು.

ಕಣಿವೆಯ ಮನೆ

ಆ ಕಡೆ ನಮ್ಮನ್ನು ಎದುರುಗೊಂಡವಳು ಮೇಘನಾ. ಮೈಸೂರಿನ ಹುಡುಗಿ, ಕಂಪನಿಯಲ್ಲಿ ಕೆಲಸ. ಕುರುಬನ ದನಿಯನ್ನೇ ಪಟ್ಟಿಗೆ ಹಾಕಬೇಕೆಂಬ ಯೋಚನೆ ಅವಳದೇ. ನನ್ನನ್ನು ಆಂಟಿ ಎಂದಳು, ಮಾಳಪ್ಪನನ್ನು ಅಂಕಲ್ ಎಂದಳು. ಅಂಕಲ್ ಎಂದಾಗಲೆಲ್ಲ ಇವನು ಹಿಂದೆ ಯಾರಿದ್ದಾರೆಂದು ನೋಡುತ್ತಿದ್ದ.

ಅವಳ ಕಾರಿನಲ್ಲಿ ಬಹಳ ಹೊತ್ತು ಹೋದೆವು. ಎರಡೂ ಕಡೆ ಗುಡ್ಡ, ಗುಡ್ಡದ ನೆತ್ತಿಯಲ್ಲಿ ಹಿಮ, ನಡುವೆ ಕದಲದ ನೀರು. ಮನೆಗಳಿವೆ, ಜನರಿಲ್ಲ. ಮಾನ್ವಿಯಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವವರನ್ನು ನೋಡಿ ಬೆಳೆದ ನನಗೆ ಒಂದು ಬಸ್ ತಂಗುದಾಣ ಕಾಣಿಸಿತು. ಅಲ್ಲಿ ನಿಂತ ನಾಲ್ಕು ಜನ ಒಬ್ಬರಿಂದೊಬ್ಬರು ಮಾರು ದೂರ ನಿಂತು, ಒಂದು ಮಾತೂ ಆಡದೆ ರಸ್ತೆ ನೋಡುತ್ತಿದ್ದರು. "ಇವರೆಲ್ಲ ಜಗಳಾಡ್ಯಾರೇನವ್ವ?" ಎಂದು ಕೇಳಿದ ಮಾಳಪ್ಪ. ಮೇಘನಾ ನಕ್ಕಳು. "ಇಲ್ಲ ಅಂಕಲ್, ಇದು ಅವರ ಮರ್ಯಾದೆ."

ನಾವು ಉಳಿದದ್ದು ಆರ್ನೆ ಎಂಬ ಮುದುಕನ ಮನೆಯಲ್ಲಿ. ಕುರಿಗಳು ಅವನವು. ಎತ್ತರದ ಆಳು, ನಿಧಾನ ಮಾತು. ಅವನು ಬಾಗಿಲಲ್ಲೇ ಬೂಟು ಕಳಚಿದ್ದು ನೋಡಿ ನನಗೆ ನಿರಾಳವಾಯಿತು. ಚಪ್ಪಲಿ ಹೊರಗೆ ಬಿಡುವ ಮನೆಯವರು ಎಲ್ಲಿದ್ದರೂ ನಮ್ಮವರೇ. ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಮೀನು, ಕಂದು ಬಣ್ಣದ ಒಂದು ಗಿಣ್ಣ. ಅದನ್ನು ಹಾಳೆಯ ಹಾಗೆ ತೆಳ್ಳಗೆ ಹೆರೆದು ಬ್ರೆಡ್ಡಿನ ಮೇಲೆ ಇಡುತ್ತಾರೆ, ಬೆಲ್ಲ ಹಾಕಿ ಕಾಯಿಸಿದ ಹಾಗಿತ್ತು. ನಾನು ಕಟಿರೊಟ್ಟಿ ಬಿಚ್ಚಿದೆ. ಆರ್ನೆ ಮುರಿದು ತಿಂದು ಮೇಘನಾಳಿಗೆ ಏನೋ ಹೇಳಿದ. ಅವರಲ್ಲೂ ಇಂಥದೇ ಒಣ ರೊಟ್ಟಿ ಇತ್ತಂತೆ, ಅವನ ಹೆಂಡತಿ ಸಿಗ್ರಿಡ್ ಮಾಡುತ್ತಿದ್ದಳಂತೆ.

ಆಮೇಲೆ ತಟ್ಟೆ ತೊಳೆಯಲು ನಿಂತೆ. ನಮ್ಮ ಲೆಕ್ಕದಲ್ಲಿ ದೀಪ ಹಚ್ಚಿ ಬಹಳ ಹೊತ್ತಾಗಿರಬೇಕಾದ ಸಮಯ, ಅಲ್ಲಿ ಇನ್ನೂ ಬೆಳಕು. ಬಿಸಿಲಲ್ಲ, ನೆರಳೂ ಬೀಳದ ಮಜ್ಜಿಗೆಯಂಥ ಬೆಳಕು. "ಸೂರ್ಯಪ್ಪ ಮನೀಗೆ ಹೋಗವಲ್ಲ," ಎಂದು ಮಾಳಪ್ಪ ಜಗಲಿಯಲ್ಲಿ ಗೊಣಗುತ್ತಿದ್ದ. ಆಗ ಗುಡ್ಡದ ಮೇಲಿಂದ ಒಬ್ಬ ಹೆಣ್ಣುಮಗಳು ಕೂಗಿದಳು.

ಎಳೆದ, ಸಪೂರವಾದ ಕೂಗು. ಹಾಡಿಗೆ ಹತ್ತಿರ. ಕೊನೆಯಲ್ಲಿ ಸಣ್ಣ ಕೆಮ್ಮು. ಭಾಷೆ ತಿಳಿಯದಿದ್ದರೂ ಕುರಿ ಕರೆಯುವ ಕೂಗೆಂದು ಕುರುಬರ ಮನೆಯವಳಿಗೆ ಹೇಳಿಕೊಡಬೇಕೆ? ಮೇಜಿನ ಹತ್ತಿರ ಕೂತಿದ್ದ ಆರ್ನೆ ಅರ್ಧ ಎದ್ದ. ಹಾಗೇ ನಿಂತು ಮತ್ತೆ ಕೂತು, ಏನೂ ಬೀಳದ ಮೇಜನ್ನು ಅಂಗೈಯಿಂದ ಒರೆಸಿದ.

"ಮನಿಯಾಕಿ ಗುಡ್ಡದಾಗ ಅದಾಳೇನು? ಒಳಗ ಕರೀರಿ, ಇನ್ನೊಂದು ಕಾಫಿ ಇಡ್ತೀನಿ," ಎಂದೆ.

ಮೇಘನಾ ನನ್ನ ಕೈಯಿಂದ ಲೋಟ ತೆಗೆದುಕೊಂಡಳು. "ಅದು ಸಿಗ್ರಿಡ್ ಅವರ ದನಿ ಆಂಟಿ, ಪಟ್ಟಿಯಿಂದ ಬರೋದು. ಅವರು ಹೋದ ಚಳಿಗಾಲದಲ್ಲಿ ತೀರಿಕೊಂಡ್ರು."

ಮತ್ತೆ ಅದೇ ಕೂಗು, ಈ ಸಲ ಗುಡ್ಡದ ಇನ್ನೊಂದು ಮಗ್ಗುಲಿನಿಂದ. ಕೊನೆಯಲ್ಲಿ ಅದೇ ಕೆಮ್ಮು. ಆರ್ನೆ ಮತ್ತೆ ಅರ್ಧ ಎದ್ದ.

ಬೇಲಿಯಿಲ್ಲದ ಗುಡ್ಡ

ಮರುದಿನ ಮಂಜು. ಹತ್ತು ಹೆಜ್ಜೆ ಆಚೆಗೆ ಏನೂ ಕಾಣದು. ಮಾಳಪ್ಪ ಕಂಬಳಿಯನ್ನು ತಲೆಯ ಮೇಲಿಂದ ಕೊಪ್ಪೆ ಮಾಡಿಕೊಂಡು ಎಲ್ಲರಿಗಿಂತ ಮುಂದೆ ಹತ್ತಿದ. ಗುಡ್ಡದಲ್ಲಿ ಬೇಲಿಯ ಗೂಟವೂ ಇಲ್ಲ. ಕುರಿಗಳು ಮಂಜಿನಲ್ಲಿ ಕಲ್ಲುಗಳ ಹಾಗೆ ಬಿದ್ದಿದ್ದವು. ಒಂದು ಎದ್ದು ಮೇಯುತ್ತ ಮೇಯುತ್ತ ನಮ್ಮ ಕಡೆಗೇ ಬಂತು. ಅದರ ಕೊರಳಿನಲ್ಲಿ ಸಿಗ್ರಿಡ್ ಕೂಗಿದಳು.

ಎಲ್ಲಿ ಹೋಗಬೇಕೆಂದು ಅದಕ್ಕೆ ತಿಳಿಯಲಿಲ್ಲ. ಕರೆಯುವ ಒಡತಿ ಎಲ್ಲೋ ಇದ್ದರೆ ಅತ್ತ ಹೋಗಬಹುದಿತ್ತು. ಕೂಗು ಅದರ ಕೊರಳೊಳಗೇ ಇತ್ತು. ಗಿರಗಿರ ತಿರುಗಿ, ಬಾಯಿ ತೆರೆದು, ಗುಡ್ಡದ ನೆತ್ತಿಯ ಕಡೆಗೆ ಕಿತ್ತುಕೊಂಡು ಓಡಿತು. ಅದು ಓಡಿದ್ದು ನೋಡಿ ಉಳಿದವೂ ಓಡಿದವು. ಮಂಜಿನೊಳಗೆ ಅಲ್ಲೊಮ್ಮೆ ಇಲ್ಲೊಮ್ಮೆ ಆ ತೀರಿಹೋದ ಹೆಣ್ಣುಮಗಳು ಕರೆಯುತ್ತಲೇ ಇದ್ದಳು, ಪ್ರತಿ ಸಲವೂ ಕೆಮ್ಮುತ್ತ.

"ನೋಡಿದ್ರಾ," ಎಂದಳು ಮೇಘನಾ, ಸ್ವಲ್ಪ ಹೆಮ್ಮೆಯಿಂದಲೇ. "ಶಾಕ್ ಹೊಡೀಲೇ ಇಲ್ಲ. ಬರೀ ಬೀಪ್ ಇದ್ದಾಗ ತುಂಬಾ ಸಲ ಹೊಡೀತಿತ್ತು. ನಂಬಿದ ದನಿ ಅಂದ್ರೆ ಬೇಗ ಕಲೀತವೆ."

ಮಾಳಪ್ಪ ಕೇಳಿದ. "ಈ ಅವ್ವ ಇದ್ದಾಗ ಕೂಗಿದ್ರ ಇವು ಓಡಿ ಬರತಿದ್ದವೋ, ಓಡಿ ಹೋಗತಿದ್ದವೋ?"

ಮೇಘನಾ ಆರ್ನೆಗೆ ಕೇಳಿದಳು. ಅವನು ಮಂಜನ್ನೇ ನೋಡುತ್ತ ಒಂದೇ ಮಾತು ಹೇಳಿದ. ಅವಳು ಅದನ್ನು ಕನ್ನಡಕ್ಕೆ ತರಲು ಹೊತ್ತು ತೆಗೆದುಕೊಂಡಳು. "ಬರ್ತಿದ್ವಂತೆ. ಅಡುಗೆಮನೆ ಒಳಕ್ಕೂ ಬರ್ತಿದ್ವಂತೆ."

ಕರೆಂಟಿನ ವಿಷಯ ನಮಗೆ ಗೊತ್ತಿತ್ತು, ದನಿಯ ವಿಷಯವೂ ಗೊತ್ತಿತ್ತು. ಎರಡನ್ನೂ ಒಂದರ ಮಗ್ಗುಲಿಗೆ ಒಂದಿಟ್ಟು ಯಾರೂ ನೋಡಿರಲಿಲ್ಲ. ಮೇಘನಾಳ ಮುಖ ನೋಡಿದೆ. ಅವಳೂ ಈಗ ನೋಡುತ್ತಿದ್ದಾಳೆ ಅನ್ನಿಸಿತು.

ಆ ಹೊತ್ತಿಗೆ ಮಾಳಪ್ಪನ ಮೊಬೈಲಿಗೆ ವಿಡಿಯೊ ಕರೆ ಬಂತು. ಈರಮ್ಮ. ಊರಲ್ಲಿ ಮಧ್ಯಾಹ್ನ ತಿರುಗಿರಬೇಕು, ಅವಳ ಹಿಂದೆ ಕಣ್ಣು ಕುಕ್ಕುವ ಬಿಸಿಲು.

"ಯಾವಾಗ ಬಂದ್ರಿ?" ಎಂದಳು.

"ಎಲ್ಲಿಗೆ?"

"ನಾಟಕ ಮಾಡಬ್ಯಾಡ್ರಿ. ಹೊಲದಾಗ ಕೂಗಾಕತ್ತೀರಿ, ಕೇಳಲ್ಲೇನು ನನಗ? ಕಾಲಿಗೆ ನೀರಂತ ಚರಿಗಿ ಹಿಡಕೊಂಡು ಎಷ್ಟೊತ್ತು ನಿಂದ್ರಲಿ? ಎಲ್ಲಿ ಅಡಗೀರಿ?"

"ಲೇ ಈರಿ, ನಾನು ಇನ್ನಾ ಇಲ್ಲೇ ಅದೀನಿ. ಯಕ್ಕ ಬಾಜೂಕ ನಿಂತಾಳ, ನೋಡು."

ನಾನು ಮುಖ ತೋರಿಸಿದೆ. ಈರಮ್ಮನ ಮುಖದಿಂದ ನಗು ಇಳಿಯಿತು. ಅವಳು ಏನೋ ಹೇಳಲು ಬಾಯಿ ತೆರೆದಳು. ಅವಳ ಬೆನ್ನ ಹಿಂದೆ, ದೇವದುರ್ಗದ ಬಿಸಿಲಿನೊಳಗಿಂದ, ನನ್ನ ತಮ್ಮ ಕೂಗಿದ. "ಉರ್ರೋ… ಬಾ ಬಾ ಬಾ. ಹಾ, ತಿನ್ರಿ." ಅದರ ಹಿಂದೆಯೇ ಒಂದು ಕುರಿ ಅರಚಿತು.

ನನ್ನ ತಮ್ಮ ನನ್ನ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದ.

ಈರಮ್ಮನ ಕೈಯಿಂದ ಚರಿಗೆ ಬಿದ್ದ ಸದ್ದಾಯಿತು. ಆಮೇಲೆ ಒಂದೊಂದಾಗಿ ಹೇಳಿದಳು. ನಾವು ಹೊರಟ ಮರುದಿನ ಆ ಹುಡುಗರು ಬಂದಿದ್ದರು. ಮಾಳಪ್ಪಣ್ಣ ಒಪ್ಪ್ಯಾನ, ಅದಕ್ಕ ವಿಮಾನ ಹತ್ತ್ಯಾನ ಎಂದರು. ಮುಂದಾಳು ಕುರಿಗಳಿಗೆ, ಅಂದರೆ ಉಳಿದವು ಯಾವುದರ ಹಿಂದೆ ನಡೆಯುತ್ತವೋ ಅವಕ್ಕೆ, ಪಟ್ಟಿ ಕಟ್ಟಿ ಹೋಗಿದ್ದರು. ನಿನ್ನೆಯವರೆಗೆ ಪೀಪಿ ಎನ್ನುತ್ತಿತ್ತು, ಇವತ್ತು ಬೆಳಿಗ್ಗೆಯಿಂದ ಈ ದನಿ.

"ನಂದಲ್ಲ ಅದು, ಅಂಜಬ್ಯಾಡ," ಎಂದ ಮಾಳಪ್ಪ. ಎಂದವನು ಸೊಂಟದ ಉಪ್ಪಿನ ಗಂಟನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ.

ಮೇಘನಾ ಆಗಲೇ ಕೆಳಗೆ ಓಡಿದ್ದಳು. ನಾವು ಹೋಗಿ ಸೇರುವಷ್ಟರಲ್ಲಿ ಕಾರಿನ ಬಾನೆಟ್ಟಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಊರಿನ ಹುಡುಗರಿಗೆ ಫೋನು ಹಚ್ಚಿ ಬೈಯುತ್ತಿದ್ದಳು. "ಯಾರು ಹೇಳಿದ್ದು ಶುರು ಮಾಡಿ ಅಂತ? ಅವರು ಇನ್ನೂ ಹೂಂ ಅಂದಿಲ್ಲ!" ಅಲ್ಲಿ ನೆಟ್‌ವರ್ಕು ಬರುತ್ತಿತ್ತು, ಹೋಗುತ್ತಿತ್ತು. ಪರದೆಯ ಮೇಲೆ ದೇವದುರ್ಗದ ನೆಲ, ಅದರ ಮೇಲೆ ಸಣ್ಣ ಸಣ್ಣ ಚುಕ್ಕೆ. ಚುಕ್ಕೆಗಳೆಂದರೆ ನಮ್ಮ ಕುರಿ. ಒಂದು ಚುಕ್ಕೆ ಗೆರೆಯ ಹತ್ತಿರ ಹೋಗುತ್ತಿತ್ತು. ಮಾಳಪ್ಪ ಅದನ್ನೇ ನೋಡಿದ.

"ನಿಲ್ಸಿದೆ," ಎಂದಳು ಮೇಘನಾ ಕೊನೆಗೆ.

ಆಮೇಲೆ ಹೇಳಿದಳು: "ಕುರಿಗೆ ನೋವು ಕಮ್ಮಿ ಆಗ್ಲಿ ಅಂತ್ಲೇ ಮಾಡಿದ್ದು ಅಂಕಲ್. ಎಷ್ಟು ಸಲ ಶಾಕ್ ಹೊಡೀತು ಅನ್ನೋದನ್ನ ದಿನಾ ನೋಡ್ತಿದ್ವಿ. ಹಾ ತಿನ್ರಿ ಅನ್ನೋ ಮಾತನ್ನ ಕತ್ತರಿಸೋಣ ಅಂದ್ರು ಇಲ್ಲಿಯವರು. ನಾನೇ ಬೇಡ ಅಂದೆ. ಅಕ್ಕರೆಯ ಮಾತು, ಇರ್ಲಿ ಅಂತ."

ಮಾಳಪ್ಪ ಬೈಯುತ್ತಾನೆಂದುಕೊಂಡೆ. ಬೈಯಲಿಲ್ಲ. "ಪಟ್ಟಿ ಬ್ಯಾಡ ಅನ್ನಲ್ಲವ್ವ. ಹತ್ತ್ಯಾಗ ಸಾಯೋದಕ್ಕಿಂತ ಅದು ಬೇಸಿ. ಪೀಪಿ ಅನ್ನಲಿ, ಢಂ ಅನ್ನಲಿ, ನಾಯಿಗತೆ ಬೊಗಳಲಿ. ನನ್ನ ದನಿ ಮಾತ್ರ ತಗದುಬಿಡು."

"ತೆಗೀತೀನಿ. ಈಗ್ಲೇ, ನಿಮ್ಮೆದುರಿಗೇ."

ತೆಗೆದಳು. ಆಮೇಲೆ ಆರ್ನೆಯ ಕಡೆ ತಿರುಗಿ ಅವರ ಭಾಷೆಯಲ್ಲಿ ಕೇಳಿದಳು, ಸಿಗ್ರಿಡ್ ದನಿಯನ್ನೂ ತೆಗೆಯಲೇ ಎಂದು. ಕೇಳಿದ್ದೇನೆಂದು ಅವಳು ಹೇಳುವ ಮೊದಲೇ ನಮಗೆ ತಿಳಿಯಿತು. ಆರ್ನೆ ಬಹಳ ಹೊತ್ತು ಗುಡ್ಡ ನೋಡಿದ. ತಲೆ ಅಲ್ಲಾಡಿಸಿದ. ಇದೊಂದು ಬೇಸಿಗೆ ಇರಲಿ ಎಂದನಂತೆ.

ನಾವು ಹೊರಟ ದಿನವೂ ಆ ಕಣಿವೆಯಲ್ಲಿ ಅವಳು ಕೂಗುತ್ತಿದ್ದಳು. ಆರ್ನೆ ಅಂಗಳದಲ್ಲಿ ನಿಂತು ನಮಗೆ ಕೈ ಬೀಸಿದ. ಬೀಸುವಾಗಲೂ ಅವನ ಮುಖ ಗುಡ್ಡದ ಕಡೆಗಿತ್ತು.

ದೇವದುರ್ಗ

ರಾಯಚೂರಿನಲ್ಲಿ ಇಳಿದಾಗ ಬಿಸಿಗಾಳಿ ಕೆನ್ನೆಗೆ ಹೊಡೆಯಿತು. ಯಾರೋ ಯಾರನ್ನೋ ಬೈಯುತ್ತಿದ್ದರು, ಆಟೋದವರು ನಾಲ್ಕು ಕಡೆಯಿಂದ ಕೂಗುತ್ತಿದ್ದರು. ಎಲ್ಲವೂ ಎದುರಿಗೆ ಬಾಯಿ ಕಾಣುವ ಕೂಗು. ನನಗೆ ಅದೇ ಹಬ್ಬ. ನಾನು ಮಾನ್ವಿಯಲ್ಲಿ ಇಳಿಯದೆ ಅವನ ಜೊತೆ ದೇವದುರ್ಗದವರೆಗೂ ಹೋದೆ. ದಾರಿಯುದ್ದಕ್ಕೂ ಅವನು ಒಂದೇ ಮಾತು ಕೇಳಿದ್ದು: "ಬರ್ತಾವೇನು ಯಕ್ಕಾ?" ನಾನು ಒಂದೇ ಉತ್ತರ ಕೊಟ್ಟೆ: "ಬರ್ತಾವ ಬಿಡಪ್ಪ."

ಈರಮ್ಮ ಚರಿಗೆ ತಂದಳು, ಮೊದಲು ಅವನ ಮುಖ ನೋಡಿದಳು, ತೋಳು ಮುಟ್ಟಿದಳು, ಆಮೇಲೆ ಕಾಲಿಗೆ ನೀರು ಕೊಟ್ಟಳು. ಪಟ್ಟಿಗಳನ್ನು ಅವಳೇ ಬಿಚ್ಚಿ ಮನೆಯ ಹಿಂದೆ ಬುಟ್ಟಿಯ ಕೆಳಗೆ ಮುಚ್ಚಿಟ್ಟಿದ್ದಳು, ಮೇಲೊಂದು ಕಲ್ಲು ಬೇರೆ ಹೇರಿ. "ಒಳಗಿಂದ ಮಾತಾಡಿಗೀಡ್ಯಾವು ಅಂತ," ಎಂದಳು.

ಇಳಿಹೊತ್ತಿಗೆ ಕುರಿಗಳು ಬೋಳುಹೊಲದಲ್ಲಿದ್ದವು. ಮಾಳಪ್ಪ ಬದುವಿನ ಮೇಲೆ ನಿಂತ. ಅಂಗೈಯಲ್ಲಿ ಉಪ್ಪು ಹಿಡಿದ, ಸಮುದ್ರ ದಾಟಿ ಬಂದ ಅದೇ ಉಪ್ಪು. ಎರಡು ಸಲ ಬಾಯಿ ತೆರೆದು ಮುಚ್ಚಿದ. ಆಮೇಲೆ ಕೂಗಿದ.

ಹಿಂದಿದ್ದವು ತಲೆಯೆತ್ತಿ ಅವನ ಕಡೆ ಹೆಜ್ಜೆ ಹಾಕಿದವು. ಪಟ್ಟಿ ಕಟ್ಟಿದ್ದ ಮುಂದಾಳುಗಳು ಮಾತ್ರ ಗಿರಗಿರ ತಿರುಗಿ, ಮಂಜಿನ ಗುಡ್ಡದಲ್ಲಿ ಕಂಡ ಹಾಗೆಯೇ ತಿರುಗಿ, ಕಾಲುವೆಯ ಕಡೆಗೆ ಓಡಿದವು. ಬರುತ್ತಿದ್ದವು ಅದನ್ನು ಕಂಡು ನಿಂತವು. ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಇಡೀ ಹಿಂಡು ನಡುಹೊಲದಲ್ಲಿ ಸುಮ್ಮನೆ ನಿಂತು ಅವನನ್ನು ನೋಡಿತು. ಅಷ್ಟು ಕುರಿ ಸದ್ದಿಲ್ಲದೆ ನಿಂತದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ.

ಇನ್ನೊಮ್ಮೆ ಕೂಗುತ್ತಾನೆಂದುಕೊಂಡೆ. ಕೂಗಲಿಲ್ಲ. ಬದು ಇಳಿದು, ಕೈ ಚಾಚಿಕೊಂಡು, ಕಾಲುವೆಯ ಕಡೆ ನಡೆದ. ಒಂದು ಮುಂದಾಳು ನಾಲ್ಕು ಮಾರು ಸರಿಯಿತು, ಇವನು ಕುಕ್ಕುರುಗಾಲಲ್ಲಿ ಕೂತ. ಅದು ನಿಂತಿತು, ಇವನು ಕೂತಲ್ಲೇ ಒಂದಿಷ್ಟು ಸರಿದ. ಕಲ್ಲಿನ ಮೇಲೆ ಹರಳುಪ್ಪು ಇಟ್ಟು, ಮುಖ ಆಚೆ ತಿರುಗಿಸಿಕೊಂಡ. ಬಹಳ ಹೊತ್ತಿನ ಮೇಲೆ ಅದು ನೆಕ್ಕಿತು. ಅದಾದ ಮೇಲೆ ಇನ್ನೊಂದರ ಹತ್ತಿರ ಹೋದ.

"ಇದೇನ್ ಮಾಡಾಕತ್ತೀಯೋ?" ಎಂದೆ, ಬೆನ್ನ ಹಿಂದೆ ಹೋಗಿ ನಿಂತು.

"ನಾ ಇಲ್ಲದಾಗ ನನ್ನ ದನಿ ಇಲ್ಲಿ ಬರಿಗೈಲೆ ಕೂಗ್ಯಾದ. ಎಷ್ಟು ಸಲ ಕೂಗ್ಯಾದೋ, ಅಷ್ಟು ಸಲ ಕೊಡಬೇಕಲ್ಲ."

"ನೀನು ಕೂಗಿಲ್ಲಲ್ಲೋ, ಮಷೀನು ಕೂಗಿದ್ದು."

"ಕುರಿಗೇನು ಗೊತ್ತು ಯಕ್ಕಾ? ಅವು ಕೇಳಿದ್ದು ನನ್ನನ್ನ."

ಕತ್ತಲಾಗುವ ಮೊದಲು ಮುಂದಾಳುಗಳನ್ನು ಮೂವರೂ ಸೇರಿ ಕೈಯಿಂದ ನೂಕಿ ಹಟ್ಟಿಗೆ ತಂದೆವು. ಒಂದೂ ತಾನಾಗಿ ಬರಲಿಲ್ಲ.

ಊಟಕ್ಕೆ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ. ಮಾಳಪ್ಪ ಪಲ್ಯಕ್ಕೆ ಉಪ್ಪು ಕಡಿಮೆ ಎಂದ, ಈರಮ್ಮ ಇದ್ದದ್ದನ್ನೆಲ್ಲ ಕಲ್ಲಿನ ಮೇಲೆ ಇಟ್ಟು ಬಂದಿದ್ದು ಯಾರು ಎಂದು ಕೇಳಿದಳು. ಯಾವಾಗಲೂ ಎಲ್ಲರಿಗಿಂತ ಕೊನೆಗೆ ಮಲಗುವವನು ಆ ದಿನ ತಾಟು ತೊಳೆಯುವ ಮೊದಲೇ ಕಂಬಳಿಯ ಮೇಲೆ ಒರಗಿ ನಿದ್ದೆಹೋದ. ನಾವಿಬ್ಬರೂ ಇನ್ನೂ ಒಲೆಯ ಮುಂದಿದ್ದೆವು. ಅವನು ನಿದ್ದೆಯಲ್ಲೇ ಒಮ್ಮೆ, ಸ್ಪಷ್ಟವಾಗಿ, ಕೂಗಿದ. ಹಟ್ಟಿಯೊಳಗೆ ಅಷ್ಟೂ ಕುರಿ ಒಟ್ಟಿಗೆ ಎದ್ದು ನಿಂತ ಸದ್ದಾಯಿತು. ಬರಲು ಎದ್ದವೋ ಓಡಲು ಎದ್ದವೋ ನಮಗೆ ಗೊತ್ತಾಗಲಿಲ್ಲ.

ಈರಮ್ಮ ನನ್ನ ಮುಖ ನೋಡಿದಳು. ಮೊಣಕಾಲು ಹಿಡಿದು ಎದ್ದಳು, ಡಬ್ಬಿಯ ತಳದಲ್ಲಿ ಉಳಿದಿದ್ದ ಒಂದು ಹಿಡಿ ಉಪ್ಪು ತೆಗೆದುಕೊಂಡು ಹಟ್ಟಿಯ ಕಡೆ ನಡೆದಳು.